ಪ್ರಸಂಗ ಪುಸ್ತಕ ಯಾರಿಗಾಗಿ?

ಯಕ್ಷಗಾನದ ಗಂಧಗಾಳಿ ಇಲ್ಲದ ಒಬ್ಬ ಕನ್ನಡ ಎಂ.ಎ. ವಿದ್ಯಾರ್ಥಿಯ ಕೈಗೆ ಹಳೆಯ ಪ್ರಸಂಗ ಪುಸ್ತಕವೊಂದನ್ನು ಕೊಟ್ಟರೆ ಏನಾಗುತ್ತದೆ? ಪುಟ ತೆರೆದರೆ ಒಂದು ರಾಗದ ಹೆಸರು, ಪಕ್ಕದಲ್ಲಿ ಒಂದು ತಾಳದ ಹೆಸರು, ಕೆಳಗೆ ಕೆಲವು ಸಾಲಿನ ಪದ್ಯ. ಮತ್ತೆ ರಾಗ, ಮತ್ತೆ ತಾಳ, ಮತ್ತೆ ಪದ್ಯ. ನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಎಷ್ಟೋ ಕಡೆ ಪದ್ಯದ ಒಳಗಿನಿಂದಲೇ ಊಹಿಸಬೇಕು. ಗದ್ಯದ ಮಾತು ಇಲ್ಲವೇ ಇಲ್ಲ ಎನ್ನಬಹುದು. ಇಷ್ಟು ತೆಳ್ಳಗಿನ ಪುಸ್ತಕದಿಂದ ಬೆಳಗಿನವರೆಗಿನ ಆಟ ಹೇಗೆ ಹುಟ್ಟುತ್ತದೆ, ನಾಲ್ಕು ಗಂಟೆಯ ತಾಳಮದ್ದಳೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಅದರಲ್ಲಿ ಸುಳಿವೂ ಇರುವುದಿಲ್ಲ.

ಇದು ಪುಸ್ತಕದ ದೋಷವಲ್ಲ. ಅದು ಬಲ್ಲವರಿಗೆಂದೇ ಅಚ್ಚಾದ ಪುಸ್ತಕ. ಭಾಗವತರಿಗೆ ಪದ್ಯ ಬೇಕು, ಅದು ಅಲ್ಲಿದೆ. ಅರ್ಥಧಾರಿಗೆ ಮಾತು ತನ್ನದೇ ಇದೆ, ಅದನ್ನು ಪುಸ್ತಕ ಕೊಡಬೇಕಾಗಿಲ್ಲ. ಹಾಗಾದರೆ ಹೊಸದಾಗಿ ಬರುವವನಿಗೆ ಏನಿದೆ? ಪ್ರಸಂಗ ಅಚ್ಚು ಹಾಕುವವರು ಬಲ್ಲವರ ಕಡೆ ನೋಡಬೇಕೋ, ಬರಲಿರುವವರ ಕಡೆಗೋ? ಈ ಪ್ರಶ್ನೆ ಒಂದು ಕಾಲದಲ್ಲಿ ಯಾಕೆ ಏಳಲಿಲ್ಲ, ಈಗ ಯಾಕೆ ತಪ್ಪಿಸಿಕೊಳ್ಳಲಾಗದು ಎಂಬುದೇ ಈ ಬರಹದ ವಿಷಯ.

ಮೊದಲು ತಾಳಮದ್ದಳೆಯ ಸ್ವರೂಪವನ್ನು ನೆನಪಿಸಿಕೊಳ್ಳೋಣ. ವೇಷವಿಲ್ಲ, ಕುಣಿತವಿಲ್ಲ. ಹಿಮ್ಮೇಳದ ಎದುರು ನಾಲ್ಕಾರು ಜನ ಕೂತಿರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆ ಪದ್ಯ ಯಾವ ಪಾತ್ರದ್ದೋ ಆ ಪಾತ್ರ ವಹಿಸಿದವನು ಅದರ ಅರ್ಥವನ್ನು ಆ ಕ್ಷಣಕ್ಕೆ ಹುಟ್ಟುವ ಮಾತಿನಲ್ಲಿ ಹೇಳುತ್ತಾನೆ. ಎದುರಿನವನು ಪ್ರಶ್ನೆ ಹಾಕುತ್ತಾನೆ, ಇವನು ಉತ್ತರ ಕೊಡುತ್ತಾನೆ. ಸಂವಾದ ಸಾಕಾಯಿತು ಎಂದು ಕಂಡಾಗ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಬಳ್ಳಾರಿ ಕಡೆಯ ಕುರುಗೋಡಿನ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿರುವುದನ್ನು ಯಕ್ಷಗಾನದ ಚರಿತ್ರೆ ಬರೆದವರು ತಪ್ಪದೆ ಹೇಳುತ್ತಾರೆ. ಕರಾವಳಿಯಲ್ಲಿ ಅದು ಮಳೆಗಾಲದ ಕಲೆಯಾಗಿ ಬೆಳೆಯಿತು. ಬೇಶ್ಯ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ಹೊತ್ತಿಗೆ, ಪತ್ತನಾಜೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ದೀಪಾವಳಿಯವರೆಗೆ ನಾರಾವಿ, ವೇಣೂರು, ಅಳದಂಗಡಿ, ಮೂಡುಬಿದಿರೆಯಂಥ ಊರುಗಳಲ್ಲಿ ಬಯಲಾಟದ ಜಾಗವನ್ನು ತುಂಬುವುದು ತಾಳಮದ್ದಳೆ ಮತ್ತು ಮನೆಮನೆಗೆ ಬರುವ ಚಿಕ್ಕಮೇಳ.

ಈ ಕಲೆಗೆ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಒಬ್ಬ ದೂರದ ನೆಂಟನಿದ್ದಾನೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ವಹಿಸಿ, ಆ ಪಾತ್ರವಾಗಿ ಮಾತಾಡುತ್ತ ಕಥೆಯನ್ನು ಮುಂದೊಯ್ಯುವ ಆಟ ಅದು. ನಮ್ಮ ಭಾಗವತರ ಹಾಗೆ ಅಲ್ಲೂ ಒಬ್ಬ ಸೂತ್ರಧಾರ. ವ್ಯತ್ಯಾಸ ದೊಡ್ಡದೇ ಇದೆ: ಅಲ್ಲಿ ಮುಂದೇನಾಗುತ್ತದೆ ಎಂಬುದನ್ನು ದಾಳ ನಿರ್ಧರಿಸುತ್ತದೆ, ನಮ್ಮಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೆ ಪುಸ್ತಕದ ಸಮಸ್ಯೆ ಎರಡೂ ಕಡೆ ಒಂದೇ.

ಆ ಮೊದಲ ಪೆಟ್ಟಿಗೆಯಲ್ಲಿದ್ದದ್ದು ಮೂರು ಪುಟ್ಟ ಪುಸ್ತಿಕೆಗಳು. ಬೊಂಬೆ ಸೈನ್ಯಗಳನ್ನಿಟ್ಟು ಆಡುವ ಯುದ್ಧದಾಟದಲ್ಲಿ ಆಗಲೇ ಪಳಗಿದ್ದವರಿಗೆ ಮಾತ್ರ ಅರ್ಥವಾಗುವ ಹಾಗೆ ಬರೆದವು. ಗೈಗ್ಯಾಕ್ಸ್ ಇನ್ನೊಬ್ಬರ ಜೊತೆ ಸೇರಿ 1971ರಲ್ಲಿ ತಂದಿದ್ದ ‘ಚೈನ್‌ಮೇಲ್’ ಎಂಬ ನಿಯಮ ಪುಸ್ತಕ ಓದುಗನ ಬಳಿ ಇದೆ ಎಂದೇ ಅವು ಭಾವಿಸಿದ್ದವು. ಆಟ ಹರಡಿತು, ಆದರೆ ಹೆಚ್ಚಾಗಿ ಬಾಯಿಂದ ಬಾಯಿಗೆ. ಆಡಬಲ್ಲವರು ಆಡಿ ತೋರಿಸಿದರೆ ಮಾತ್ರ ಕಲಿಯಲು ಆಗುತ್ತಿತ್ತು. 1977ರಲ್ಲಿ ಎರಿಕ್ ಹೋಮ್ಸ್ ಎಂಬ ವೈದ್ಯ ಪ್ರಾಧ್ಯಾಪಕ ಹೊಸಬರಿಗಾಗಿ ಅದನ್ನು ತಿದ್ದಿ ಬರೆದುಕೊಟ್ಟ. ಅದೇ ವರ್ಷದಿಂದ 1979ರವರೆಗೆ ಬಲ್ಲವರಿಗಾಗಿ ‘ಅಡ್ವಾನ್ಸ್ಡ್’ ಎಂಬ ಹೆಸರಿನಲ್ಲಿ ಮೂರು ದಪ್ಪ ಗ್ರಂಥಗಳು ಬಂದವು. ಪ್ರಕಾಶಕರು ಒಂದೇ ಆಟವನ್ನು ಎರಡು ಸಾಲು ಮಾಡಿದರು: ಹೊಸಬರದು ಒಂದು, ಹಳಬರದು ಒಂದು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಸಿದ್ಧಪಡಿಸಿದ ಕೆಂಪು ಪೆಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಯಮಗಳ ಪಟ್ಟಿಯಿಂದ ಅದು ಶುರುವಾಗುವುದಿಲ್ಲ. ಓದುಗನನ್ನು ನೇರ ಒಂದು ಸಣ್ಣ ಕಥೆಯೊಳಗೆ ಇಳಿಸಿ, ಒಬ್ಬನೇ ಆಡುವ ಹಾಗೆ ಮಾಡಿ, ಆಡುತ್ತಲೇ ನಿಯಮ ಕಲಿಸುತ್ತದೆ. ಆದರೆ ಎರಡು ಸಾಲುಗಳ ಗೊಂದಲ ಬಹಳ ಕಾಲ ಉಳಿಯಿತು. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ‘ಅಡ್ವಾನ್ಸ್ಡ್’ ಎಂಬ ಪದವನ್ನು ಕೈಬಿಟ್ಟು ಮತ್ತೆ ಒಂದೇ ಆಟ ಮಾಡಿದರು.

ನಮ್ಮಲ್ಲಿ ಕೆಂಪು ಪೆಟ್ಟಿಗೆ ಬರಲಿಲ್ಲ. ಶತಮಾನಗಳ ಕಾಲ ಅದು ಬೇಕಾಗಿರಲೂ ಇಲ್ಲ. ಯಾಕೆಂದರೆ ಹೊಸಬರನ್ನು ಒಳಗೆ ತರುವ ಕೆಲಸ ಪುಸ್ತಕದ್ದಾಗಿರಲಿಲ್ಲ, ಅದು ರಾತ್ರಿಯದಾಗಿತ್ತು.

ಬಯಲಾಟದ ಹಳೆಯ ಕ್ರಮವನ್ನೇ ನೋಡಿ. ಸಂಜೆ ಚೆಂಡೆ ಕೇಳಿದ ಮೇಲೆ ಮೊದಲು ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಮುಂದೆ ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಸ್ತ್ರೀವೇಷಗಳು. ಇವುಗಳಲ್ಲಿ ಕುಣಿಯುವವರು ಹೆಚ್ಚಾಗಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಆ ಹೊತ್ತಿಗೆ ಜನ ಇನ್ನೂ ಬರುತ್ತಿರುತ್ತಾರೆ, ಊಟ ಮುಗಿಸುತ್ತಿರುತ್ತಾರೆ. ತಪ್ಪಿದರೆ ಬೈಯುವವರು ಕಡಿಮೆ. ರಾತ್ರಿ ಏರಿದಂತೆ ಪುಂಡುವೇಷ, ಎದುರುವೇಷ. ಪ್ರಧಾನ ವೇಷಗಳು, ಬಣ್ಣದ ವೇಷ ಬರುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಒಂದೇ ರಾತ್ರಿಯೊಳಗೆ ಹೊಸಬನಿಗೂ ಜಾಗ, ಹಳಬನಿಗೂ ಜಾಗ. ಪ್ರೇಕ್ಷಕರಲ್ಲೂ ಹಾಗೆಯೇ. ಮಕ್ಕಳು ನಿದ್ದೆ ಹೋಗಿ ರಾಕ್ಷಸ ಬಂದಾಗ ಎಚ್ಚರಾಗುತ್ತಾರೆ. ಅಜ್ಜಂದಿರು ಕಣ್ಣು ಮುಚ್ಚಿ ಪದ್ಯ ಕೇಳುತ್ತಾರೆ. ಯಾರಿಗಾಗಿ ಆಟ ಎಂಬ ಪ್ರಶ್ನೆ ಹುಟ್ಟುವುದಕ್ಕೆ ಅಲ್ಲಿ ಎಡೆ ಇರಲಿಲ್ಲ, ಯಾಕೆಂದರೆ ಹೊತ್ತು ಧಾರಾಳವಾಗಿತ್ತು.

ತಾಳಮದ್ದಳೆಯ ಕೂಟವೂ ಹೀಗೆಯೇ ಪಾಠಶಾಲೆ. ಊರಿನ ಸಂಘ ವಾರಕ್ಕೊಮ್ಮೆಯೋ ಏಕಾದಶಿಗೋ ಯಾರದಾದರೂ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಸೇರುತ್ತಿತ್ತು. ಹೊಸಬ ಮೊದಲು ಕೇಳುಗ. ಆಮೇಲೆ ದೂತ, ಚಾರಕ. ಆಮೇಲೆ ಎರಡು ಪದ್ಯದ ಅಂಗದ. ಹತ್ತು ಮಳೆಗಾಲ ಕಳೆದ ಮೇಲೆ ಒಂದು ದಿನ ವಾಲಿ ಬರಬೇಕಾದವರು ಬರಲಿಲ್ಲವೆಂದು ‘ನೀನೇ ಕೂತುಕೋ ಮಾರಾಯ’ ಎನ್ನುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು, ದೇರಾಜೆ ಸೀತಾರಾಮಯ್ಯನವರು ಇಂಥ ಕೂಟಗಳ ಲೋಕವನ್ನು ಬೆಳಗಿದವರು. ಅವರ ಓದು ದೊಡ್ಡದು, ಆದರೆ ಅರ್ಥ ಹೇಳುವುದು ಹೇಗೆಂದು ಕಲಿಸುವ ಪುಸ್ತಕ ಅವರ ಮುಂದೆ ಇರಲಿಲ್ಲ.

ಹೀಗಿರುವಾಗ ಪ್ರಕಾಶಕರು ಬಲ್ಲವರಿಗಾಗಿ ಅಚ್ಚು ಹಾಕಿದ್ದು ಸರಿಯೇ ಆಗಿತ್ತು. ಅದಕ್ಕೂ ಮೊದಲು ಪ್ರಸಂಗಗಳು ಓಲೆಗರಿಯಲ್ಲಿದ್ದವು, ಭಾಗವತರ ಮನೆಗಳಲ್ಲಿದ್ದವು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳು, ದೇವಿದಾಸನ ಕೃಷ್ಣಸಂಧಾನ ಇವೆಲ್ಲ ಅಚ್ಚಾದ ಮೇಲೆ ಓಲೆಯ ಒಡೆತನವಿಲ್ಲದ ಊರಿನ ಸಂಘಕ್ಕೂ ಪ್ರಸಂಗ ಕೈಗೆ ಸಿಕ್ಕಿತು. ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಪ್ರಕಟಿಸಿದ ಪ್ರಸಂಗ ಪುಸ್ತಕಗಳನ್ನು ನೋಡದ ಹಳೆಯ ಅರ್ಥಧಾರಿ ನಮ್ಮ ಕಡೆ ಇರಲಾರ. ಬಾಯಾರು ಸಂಕಯ್ಯ ಭಾಗವತರು ಪಂಚವಟಿಯನ್ನು ತುಳುವಿಗೆ ತಂದದ್ದು 1887ರಷ್ಟು ಹಿಂದೆಯೇ ಅಚ್ಚಾಯಿತು. ಅಚ್ಚು ಎಂಬುದೇ ಒಂದು ಅರ್ಥದಲ್ಲಿ ಹೊಸಬರಿಗೆ ತೆರೆದ ಬಾಗಿಲು. ಆದರೆ ಬಾಗಿಲು ದಾಟಿದ ಮೇಲೆ ದಾರಿ ತೋರಿಸುವವರು ಚಾವಡಿಯಲ್ಲೇ ಇರುತ್ತಾರೆ ಎಂಬ ನಂಬಿಕೆ ಆ ಪುಸ್ತಕಗಳ ಹಿಂದಿತ್ತು.

ಹೊಸಬರಿಗಾಗಿ ಕಲೆಯನ್ನೇ ಬದಲಿಸಿದ ಪ್ರಯತ್ನಗಳೂ ಇಪ್ಪತ್ತನೆಯ ಶತಮಾನದಲ್ಲಿ ನಡೆದವು. ಎರಡನ್ನು ಇಲ್ಲಿ ನೆನೆಯಬೇಕು, ಯಾಕೆಂದರೆ ಎರಡೂ ಬೇರೆ ಬೇರೆ ಪಾಠ ಹೇಳುತ್ತವೆ.

ಮೊದಲನೆಯದು ಶಿವರಾಮ ಕಾರಂತರದು. ‘ಯಕ್ಷಗಾನ ಬಯಲಾಟ’ ಎಂಬ ಅವರ ಸಂಶೋಧನ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅವರಷ್ಟು ಈ ಕಲೆಯನ್ನು ಬಲ್ಲ ಪಂಡಿತರು ಕಡಿಮೆ. ಆದರೂ ಕನ್ನಡ ಬಾರದ ಪ್ರೇಕ್ಷಕನಿಗೂ ತಲುಪಬೇಕೆಂದು ಅವರು ಬ್ಯಾಲೆಯ ಮಾದರಿಯಲ್ಲಿ ಮಾತನ್ನು ತೆಗೆದು, ಹಾಡು ಮತ್ತು ಕುಣಿತವನ್ನಷ್ಟೇ ಉಳಿಸಿ, ರಾತ್ರಿಯನ್ನು ಕೆಲವು ಗಂಟೆಗೆ ಇಳಿಸಿದರು. ಯಕ್ಷಗಾನ ಹೊರದೇಶಗಳ ರಂಗಮಂದಿರಗಳಿಗೆ ಹೋಯಿತು. ಬಲ್ಲವರ ವಲಯದಲ್ಲಿ ವಿರೋಧವೂ ಬಂತು. ಮಾತು ತೆಗೆದ ಮೇಲೆ ಉಳಿದದ್ದು ಯಕ್ಷಗಾನವೇ ಎಂಬುದು ಅವರ ಪ್ರಶ್ನೆ. ನನಗನಿಸುವಂತೆ ಕಾರಂತರ ರಂಗಪ್ರಯೋಗ ಹೊಸ ನೋಡುಗರನ್ನು ತಂದಿತು, ಹೊಸ ಅರ್ಥಧಾರಿಗಳನ್ನು ತರಲಿಲ್ಲ. ಅದು ತರಬೇಕೆಂದು ಹೊರಟದ್ದೂ ಅಲ್ಲ.

ಎರಡನೆಯದು ತುಳು ಪ್ರಸಂಗಗಳದು. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳ ಕಾಲದಲ್ಲಿ, ಕಲ್ಲಾಡಿ ವಿಠಲ ಶೆಟ್ಟರ ಯಜಮಾನಿಕೆಯ ಕರ್ನಾಟಕ ಮೇಳದಂಥವು ತುಳು ಆಟದಿಂದ ಹೆಸರಾದವು. ಪುರಾಣದ ಕನ್ನಡ ಕಿವಿಗೆ ಭಾರವಾದವರಿಗೆ, ಕೋಟಿ ಚೆನ್ನಯರಂಥ ಪಾಡ್ದನದ ವೀರರು ತಮ್ಮವರೇ ಎಂದು ತಿಳಿದವರಿಗೆ ಯಕ್ಷಗಾನ ಮೊದಲ ಸಲ ಮನೆಭಾಷೆಯಲ್ಲಿ ಮಾತಾಡಿತು. ಮೂಡುಬಿದಿರೆ ಹತ್ತಿರದ ಮಿಜಾರಿನಿಂದ ಬಂದ ಹಾಸ್ಯಗಾರ ಮಿಜಾರು ಅಣ್ಣಪ್ಪ ಅವರ ಹೆಸರು ಹೇಳಿದರೆ ಇಂದಿಗೂ ನಗುವ ಹಿರಿಯರಿದ್ದಾರೆ. ಬೆಳ್ತಂಗಡಿ ಕಡೆಯ ಅನಂತರಾಮ ಬಂಗಾಡಿಯವರು ತುಳುವಿನಲ್ಲಿ ಪ್ರಸಂಗ ಬರೆದರು. ಆಗಲೂ ದೂರು ಕೇಳಿಬಂತು: ಪುರಾಣ ಹೋಯಿತು, ಸಿನಿಮಾ ಬಂತು, ಟಿಕೆಟ್ಟಿಗಾಗಿ ಕಲೆ ಮಾರಿದರು ಎಂದು. ಆದರೆ ಡೇರೆಯೊಳಗೆ ತುಂಬಿದವರಲ್ಲಿ ಚಾವಡಿಯ ಕೂಟಕ್ಕೆ ಯಾರೂ ಕರೆಯದ ಜನರಿದ್ದರು ಎಂಬುದನ್ನು ಆ ದೂರು ಗಮನಿಸಲಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಜನ ತುಂಬಿ ನೋಡಿದ ತುಳು ಪ್ರಸಂಗಗಳಲ್ಲಿ ಬಹಳಷ್ಟು ಭಾಗವತರ ಕೈಬರಹದ ಪುಸ್ತಕದಲ್ಲೇ ಉಳಿದವು. ಬಲ್ಲವರಿಗಾಗಿ ಅಚ್ಚಾದ ಪೌರಾಣಿಕ ಪ್ರಸಂಗಗಳು ನೂರು ವರ್ಷ ಬಾಳಿದವು. ಹೊಸಬರಿಗಾಗಿ ಆಡಿದ್ದು ಅಚ್ಚಾಗಲಿಲ್ಲ, ಅಚ್ಚಾದದ್ದು ಹೊಸಬರಿಗೆ ತಿಳಿಯಲಿಲ್ಲ. ಬಲ್ಲವರ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಇದೇ: ಕಲೆಯನ್ನು ಕಾಪಿಡುವವರು ಅವರು. ಪುಸ್ತಕ ಕೊಳ್ಳುವವರು, ಹರಿದರೆ ಹೊಲಿಯುವವರು, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುವವರು ಅವರು. ಪ್ರಕಾಶಕ ಅವರನ್ನು ಮರೆತರೆ ನಾಳೆ ಅಚ್ಚು ಹಾಕಲು ಏನೂ ಇರುವುದಿಲ್ಲ.

ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಎರಡು ಸಂಗತಿಗಳು ಅದರ ಕಾಲಡಿಯ ನೆಲವನ್ನೇ ಬದಲಿಸಿವೆ.

ಒಂದು, ಬಲ್ಲವರಿಗೆ ಬೇಕಾದದ್ದು ಈಗ ಉಚಿತವಾಗಿ ಸಿಗುತ್ತಿದೆ. ಯಕ್ಷವಾಹಿನಿಯ ಹವ್ಯಾಸಿ ಕಾರ್ಯಕರ್ತರು ಹಳೆಯ ಪ್ರಸಂಗಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಎಷ್ಟನ್ನೋ ಹೊಸದಾಗಿ ಟೈಪ್ ಮಾಡಿ, ‘ಪ್ರಸಂಗಕೋಶ’ವಾಗಿ ಅಂತರಜಾಲದಲ್ಲಿ ಇಟ್ಟಿದ್ದಾರೆ. ಭಾಗವತರ ಮುಂದೆ ಪುಸ್ತಕದ ಜಾಗದಲ್ಲಿ ಮೊಬೈಲೋ ಟ್ಯಾಬೋ ಕಾಣುವುದು ಈಗ ಅಪರೂಪವಲ್ಲ. ಎಂ. ಪ್ರಭಾಕರ ಜೋಶಿಯವರ ‘ಯಕ್ಷಗಾನ ಪದಕೋಶ’ದಂಥ ಪರಾಮರ್ಶನ ಗ್ರಂಥಗಳೂ ಇವೆ. ಬರೀ ಪದ್ಯಗಳ ಪುಸ್ತಕವನ್ನು ಮತ್ತೊಮ್ಮೆ ಅಚ್ಚು ಹಾಕಿ ಬಲ್ಲವರಿಗೆ ಮಾರುವುದು ಪ್ರಕಾಶಕನಿಗೆ ಇನ್ನು ಕಷ್ಟವೇ.

ಎರಡು, ಚಾವಡಿ ಖಾಲಿಯಾಗಿದೆ. ಕಾಲಮಿತಿ ಬಂದ ಮೇಲೆ ಆಟದಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಅಂದರೆ ಹೊಸಬರ ಜಾಗಕ್ಕೆ. ತಾಳಮದ್ದಳೆ ಈಗ ಸಭಾಭವನದ ಮೂರು ಗಂಟೆಯ ಕಾರ್ಯಕ್ರಮ. ಹೆಸರಾಂತ ಐದು ಜನರನ್ನು ಕರೆಸಿದ ಮೇಲೆ ದೂತನ ಪಾತ್ರಕ್ಕೆ ಊರಿನ ಹುಡುಗನನ್ನು ಕೂರಿಸುವಷ್ಟು ಸಮಯ ಸಂಘಟಕರಿಗಿಲ್ಲ. ಹುಡುಗ ಉದ್ಯೋಗಕ್ಕೆಂದು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾನೆ. ಅವನು ಕಲಿಯುವುದು ಯೂಟ್ಯೂಬಿನಿಂದ. ಅಲ್ಲಿ ಸಿಗುವುದು ಶೇಣಿಯವರ ಮಾತು. ಶೇಣಿಯವರು ಆ ಮಾತಿಗೆ ಹೇಗೆ ಬಂದರು ಎಂಬುದಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಹಳೆಯ ಪಾಠಶಾಲೆ ಎಲ್ಲರಿಗೂ ತೆರೆದಿರಲಿಲ್ಲ. ಯಾವ ಮನೆಯ ಚಾವಡಿಗೆ ಯಾರು ಏರಬಹುದು ಎಂಬುದನ್ನು ಜಾತಿ ಹೇಳುತ್ತಿತ್ತು. ಹೆಂಗಸರು ಬಾಗಿಲ ಹಿಂದಿನಿಂದ ಕೇಳಿದರೇ ಹೊರತು ಕೂಟದಲ್ಲಿ ಕೂರಲಿಲ್ಲ. ತೆಂಕುತಿಟ್ಟಿನಲ್ಲಿ ವೃತ್ತಿಪರ ಭಾಗವತರಾದ ಮೊದಲ ಮಹಿಳೆ ಲೀಲಾವತಿ ಬೈಪಾಡಿತ್ತಾಯರು ಯಕ್ಷಗಾನದ ಹಾಡುಗಾರಿಕೆ ಕಲಿತದ್ದು ಮದುವೆಯ ನಂತರ, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ. ಗಂಡನೇ ಗುರುವಾಗದಿದ್ದರೆ ಅವರಿಗೆ ದಾರಿ ಯಾವುದಿತ್ತು? ಇಂದು ಮಹಿಳೆಯರ ತಾಳಮದ್ದಳೆ ತಂಡಗಳು ಊರೂರಲ್ಲಿವೆ. ಜಬ್ಬಾರ್ ಸಮೋ ಅವರಂಥ ಅರ್ಥಧಾರಿ ರಾಮಾಯಣ, ಮಹಾಭಾರತದ ಪಾತ್ರಗಳನ್ನು ಹೇಳುವಾಗ ಸಭೆ ಕಿವಿಗೊಟ್ಟು ಕೇಳುತ್ತದೆ. ‘ಕೂಟದಲ್ಲಿ ಕೂತು ಕಲಿಯಲಿ, ಪುಸ್ತಕ ಯಾಕೆ’ ಎನ್ನುವ ಬಲ್ಲವರು ಇದನ್ನು ಯೋಚಿಸಬೇಕು. ಕೂಟದಲ್ಲಿ ಕೂರುವ ಅವಕಾಶವೇ ಕೆಲವರ ಪಿತ್ರಾರ್ಜಿತ ಆಸ್ತಿಯಾಗಿತ್ತು. ಪುಸ್ತಕ ಯಾರ ಮನೆ ಎಂದು ಕೇಳುವುದಿಲ್ಲ.

ಹಾಗಾದರೆ ಹೊಸಬರ ಪುಸ್ತಕದಲ್ಲಿ ಏನಿರಬೇಕು? ತಕ್ಷಣ ಹೊಳೆಯುವ ಉತ್ತರ ‘ಅರ್ಥಸಹಿತ ಪ್ರಸಂಗ’. ಶಾಲೆಗಳಲ್ಲಿ ಗುರುಗಳು ಮಕ್ಕಳಿಗೆ ಮಾತು ಬರೆದುಕೊಡುವ ಹಾಗೆ ಪ್ರತಿ ಪದ್ಯದ ಕೆಳಗೆ ಸಿದ್ಧ ಸಂಭಾಷಣೆ. ಮಕ್ಕಳ ಆಟಕ್ಕೆ ಅದು ಸರಿ. ತಾಳಮದ್ದಳೆಗೆ ಅದು ಸಾಲದು. ಬಾಯಿಪಾಠ ಮಾಡಿದವನು ಎದುರಿನವನು ಒಂದು ಅನಿರೀಕ್ಷಿತ ಪ್ರಶ್ನೆ ಕೇಳಿದ ಕೂಡಲೇ ನಿಂತುಬಿಡುತ್ತಾನೆ. ಮೆಂಟ್ಜರನ ಕೆಂಪು ಪೆಟ್ಟಿಗೆಯ ಗುಟ್ಟು ಸಿದ್ಧ ಕಥೆ ಕೊಟ್ಟದ್ದರಲ್ಲಿರಲಿಲ್ಲ, ಪ್ರತಿ ತಿರುವಿನಲ್ಲೂ ‘ಈಗ ನೀನೇನು ಮಾಡುತ್ತೀ?’ ಎಂದು ಓದುಗನನ್ನು ಕೇಳಿದ್ದರಲ್ಲಿತ್ತು. ನಮಗೆ ಬೇಕಾದದ್ದೂ ಮಾತಲ್ಲ, ಮಾತು ಹುಟ್ಟುವ ಜಾಗ.

ವಾಲಿವಧೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗ. ಪುಸ್ತಕದಲ್ಲಿ ಕೆಲವೇ ಪದ್ಯ. ಕೂಟದಲ್ಲಿ ಒಂದು ಗಂಟೆ. ವಾಲ್ಮೀಕಿಯಲ್ಲಿ ವಾಲಿ ಕೇಳುತ್ತಾನೆ: ಎದುರು ನಿಲ್ಲದೆ ಯಾಕೆ ಹೊಡೆದೆ? ನನ್ನನ್ನೇ ಕೇಳಿದ್ದರೆ ಸೀತೆಯನ್ನು ತಂದುಕೊಡುತ್ತಿರಲಿಲ್ಲವೇ? ರಾಮನ ಉತ್ತರಗಳೂ ಅಲ್ಲಿವೆ: ಇದು ಭರತನ ಆಳ್ವಿಕೆಗೆ ಸೇರಿದ ಭೂಮಿ, ಅವನ ಪರವಾಗಿ ದಂಡಿಸಿದೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ದಂಡಾರ್ಹ, ಮೃಗವನ್ನು ಮರೆಯಿಂದ ಬೇಟೆಯಾಡುವುದು ರಾಜರ ರೂಢಿ. ಬಲ್ಲ ಅರ್ಥಧಾರಿಗೆ ಈ ಎಳೆಗಳು ಗೊತ್ತು. ಅದಕ್ಕಿಂತ ಮುಖ್ಯವಾಗಿ, ಎಳೆಗಳು ಒಂದಕ್ಕೊಂದು ತಾಗುವುದೆಲ್ಲಿ ಎಂಬುದು ಗೊತ್ತು. ಮೃಗ ಎಂದರೆ ಮನುಷ್ಯರ ಧರ್ಮವನ್ನು ನನ್ನ ಮೇಲೆ ಹೇರುವುದು ಹೇಗೆ ಎಂದು ವಾಲಿ ತಿರುಗಿ ಕೇಳಬಹುದು. ರಾಮ ಸುಗ್ರೀವನ ಜೊತೆಗಿದ್ದಾನೆಂದು ತಾರೆ ಮೊದಲೇ ಎಚ್ಚರಿಸಿದ್ದರೆ, ‘ನೀನು ಯಾರೆಂದೇ ನನಗೆ ತಿಳಿಯದು’ ಎನ್ನುವ ಹಕ್ಕು ವಾಲಿಗೆ ಉಳಿಯುತ್ತದೆಯೇ ಎಂಬುದನ್ನೂ ಯೋಚಿಸಬೇಕು.

ಇದೆಲ್ಲದರ ಮೇಲೆ ಎಲ್ಲೂ ಬರೆಯದ ಒಂದು ನಿಯಮವಿದೆ: ವಾದದಲ್ಲಿ ವಾಲಿ ಗೆಲ್ಲಬಹುದು, ಆದರೆ ಕೊನೆಗೆ ಅಂಗದನನ್ನು ರಾಮನ ಕೈಗೆ ಒಪ್ಪಿಸಿ ಸಾಯಬೇಕು. ಗೆದ್ದವನು ಒಪ್ಪಿಸುವುದು ಹೇಗೆ? ಅಲ್ಲೇ ಅರ್ಥಧಾರಿಯ ಪರೀಕ್ಷೆ. ಎದುರಿನವನ ಬಾಯಿ ಕಟ್ಟಿಸಿ ಕಥೆಯನ್ನೇ ಮುಂದೆ ಹೋಗದ ಹಾಗೆ ಮಾಡಿದವನನ್ನು ಹಿರಿಯರು ಮೆಚ್ಚುವುದಿಲ್ಲ.

ಒಂದು ಪ್ರಸಂಗಕ್ಕೆ ಇಂಥ ಇಪ್ಪತ್ತು ಪುಟ ಸೇರಿಸುವುದು ಕಷ್ಟವೇನಲ್ಲ. ಮೊದಲ ಪದ್ಯಕ್ಕೆ ಮುಂಚೆ ಕಥೆ ಎಲ್ಲಿದೆ, ಯಾವ ಪಾತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಅರ್ಧ ಪುಟ. ಪದ್ಯದ ಪಕ್ಕದಲ್ಲಿ ಮಾತಾಡುವವನ ಹೆಸರು, ಕೆಳಗೆ ಕಠಿಣ ಪದಗಳ ಅರ್ಥ. ಮುಂದಿನ ಪದ್ಯಕ್ಕೆ ಹೋಗುವ ಮೊದಲು ಸಂವಾದ ಯಾವ ತೀರ್ಮಾನಕ್ಕೆ ಬಂದಿರಬೇಕು ಎಂಬುದು ಒಂದು ಸಾಲು. ಎರಡೂ ಕಡೆಯವರು ಎತ್ತಬಹುದಾದ ನಾಲ್ಕಾರು ಪ್ರಶ್ನೆ, ಉತ್ತರವಿಲ್ಲದೆ. ಮೊದಲ ಸಲ ಕೂರುವವನಿಗೆ ಯಾವ ಪಾತ್ರ ಹಗುರ ಎಂಬ ಸೂಚನೆ. ಇಷ್ಟೇ.

ಬಲ್ಲವರ ಒಂದು ಆತಂಕ ಉಳಿಯುತ್ತದೆ. ಬಾಯಿಮಾತಿನಲ್ಲಿದ್ದ ನಿಯಮ ಅಚ್ಚಿಗೆ ಬಿದ್ದರೆ ಕಲ್ಲಾಗುತ್ತದೆ. ಒಂದೊಂದು ಕಡೆ ಒಂದೊಂದು ರೂಢಿ ಇದ್ದದ್ದು ಅಳಿದು ಪುಸ್ತಕವೇ ಪ್ರಮಾಣವಾಗುತ್ತದೆ. ಇದು ಸುಳ್ಳು ಭಯವಲ್ಲ. ಅದಕ್ಕೇ ಉತ್ತರಗಳನ್ನು ಅಚ್ಚು ಹಾಕಬಾರದು, ಪ್ರಶ್ನೆಗಳನ್ನು ಹಾಕಬೇಕು ಎನ್ನುತ್ತಿದ್ದೇನೆ. ಅದಕ್ಕೇ ಹೊಸಬರಿಗೊಂದು, ಹಳಬರಿಗೊಂದು ಎಂದು ಎರಡು ಸಾಲು ಪುಸ್ತಕ ಬೇಡ. ಪದ್ಯ ಅದೇ ಇರಲಿ, ಒಂದಕ್ಷರ ಬದಲಾಗದಿರಲಿ. ಬಲ್ಲವರು ಹಿಂದಿನ ಇಪ್ಪತ್ತು ಪುಟ ತೆರೆಯದೆಯೇ ಹಾಡಬಹುದು, ಅರ್ಥ ಹೇಳಬಹುದು.

ಆ ಇಪ್ಪತ್ತು ಪುಟ ಬರೆಯಬಲ್ಲವರು ಮಾತ್ರ ಬಲ್ಲವರೇ. ಹತ್ತಾರು ಮಳೆಗಾಲ ಚಾವಡಿಯಲ್ಲಿ ಕೂತವರು ನಾರಾವಿಯಲ್ಲೂ ವೇಣೂರಿನಲ್ಲೂ ಇನ್ನೂ ಇದ್ದಾರೆ. ಅವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಎಲ್ಲೂ ಬರವಣಿಗೆಯಲ್ಲಿಲ್ಲ, ಧ್ವನಿಮುದ್ರಣದಲ್ಲೂ ಇಲ್ಲ. ಪ್ರಕಾಶಕ ಹೊಸಬರಿಗಾಗಿ ಪುಸ್ತಕ ಮಾಡಲು ಹೊರಟರೆ ಮೊದಲು ಹೋಗಬೇಕಾದದ್ದು ಈ ಹಳಬರ ಮನೆಗೆ. ಅದು ಇನ್ನು ಹೆಚ್ಚು ಮಳೆಗಾಲ ಕಾಯುವ ಕೆಲಸವಲ್ಲ.